ವಿದೇಶದ ಚುನಾವಣೆಗೆ ವೀಕ್ಷಕರಾಗಿ ಹೋಗೋದು ಹೇಗೆ? 18,500 ರೂಪಾಯಿ ಕೇಳುತ್ತಿದ್ದಾರೆ

ಸಂಜೆ ಬಸ್ಸಿನ ಹುಡುಗಿ (ಬೆಳಗಾವಿ) · ಭಾನುವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಇಲ್ಲಿ ಓದುತ್ತಿದ್ದೇನೆ, ಬರೆಯುತ್ತಿರುವುದು ಮೊದಲ ಸಲ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನನಗೆ 24. ರಾಜ್ಯಶಾಸ್ತ್ರದಲ್ಲಿ ಎಂ.ಎ. ಆಗಿದೆ. 2024ರ ಮೇ 7ಕ್ಕೆ ನಮ್ಮ ಕಡೆ ಲೋಕಸಭೆ ಮತದಾನ ಇತ್ತಲ್ಲ, ಆಗ ಮತಗಟ್ಟೆಯಲ್ಲಿ ಸ್ವಯಂಸೇವಕಿ ಆಗಿದ್ದೆ. ವಯಸ್ಸಾದವರನ್ನು ವೀಲ್‌ಚೇರ್‌ನಲ್ಲಿ ಕೂರಿಸಿ ಗೇಟಿನಿಂದ ಕೋಣೆವರೆಗೆ ತಳ್ಳಿಕೊಂಡು ಹೋಗುವ ಕೆಲಸ. ಆ ಸಲ ಬೆಳಗಾವಿಗೆ ಮತದಾನ ನೋಡಲು ವಿದೇಶದವರು ಬಂದಿದ್ದರು. ನಮ್ಮ ಶಾಲೆಗೆ ಬರಲಿಲ್ಲ, ಪೇಪರಿನಲ್ಲಿ ಫೋಟೊ ನೋಡಿದೆ ಅಷ್ಟೇ. ಅವತ್ತಿನಿಂದ ತಲೆಯೊಳಗೆ ಹುಳ ಹೊಕ್ಕಿದೆ. ಅವರು ನಮ್ಮಲ್ಲಿಗೆ ಬರಬಹುದಾದರೆ ನಾನು ಬೇರೆ ದೇಶಕ್ಕೆ ಯಾಕೆ ಹೋಗಬಾರದು?

ಹೋದ ವಾರ ವಾಟ್ಸಾಪ್‌ನಲ್ಲಿ ಒಂದು ಪೋಸ್ಟರ್ ಬಂತು. ‘ಅಂತಾರಾಷ್ಟ್ರೀಯ ಚುನಾವಣಾ ವೀಕ್ಷಕರು ಬೇಕಾಗಿದ್ದಾರೆ.’ ಮೇಲೆ ನೀಲಿ ಬಣ್ಣದ, ಭೂಮಿಯ ಚಿತ್ರ ಇರುವ ಲೋಗೊ. ಫೋನ್ ಮಾಡಿದರೆ ಬಹಳ ಚೆನ್ನಾಗಿ ಮಾತನಾಡಿದರು. ನೋಂದಣಿಗೆ 18,500 ರೂಪಾಯಿ, ಮೂರು ದಿನ ಆನ್‌ಲೈನ್ ತರಬೇತಿ, ಆಮೇಲೆ ‘ಆಯ್ಕೆ ಗ್ಯಾರಂಟಿ’ ಅಂತೆ. ಕಬ್ಬಿನ ಬಿಲ್ಲು ಬಂದ ಕೂಡಲೇ ಕೊಡುತ್ತೇನೆ ಎಂದು ಅಪ್ಪ ಹೇಳಿದ್ದಾರೆ. ಗೊತ್ತಿದ್ದವರು ದಯವಿಟ್ಟು ಹೇಳಿ. ನಿಜವಾಗಿ ಇವರನ್ನು ಆರಿಸುವುದು ಯಾರು, ಹೇಗೆ?

ಖಡಕ್ ರೊಟ್ಟಿ · ರಾತ್ರಿ 9:52

ತಂಗಿ, ಒಂದು ಪೈಸೆ ಕೊಡಬೇಡ. ಕಾರ್ಖಾನೆಯವರು ಬಿಲ್ಲು ತಡ ಮಾಡಿ ಪುಣ್ಯ ಕಟ್ಟಿಕೊಂಡಿದ್ದು ಇದೇ ಮೊದಲು.

ನವನಗರ ಮೇಷ್ಟ್ರು (ಬಾಗಲಕೋಟೆ) · ರಾತ್ರಿ 10:25

ಮಗಳೇ, ಆ ನಂಬರ್ ಬ್ಲಾಕ್ ಮಾಡಿ ಆಮೇಲೆ ಇದನ್ನು ಓದು. ವೀಕ್ಷಕರನ್ನು ಕಳಿಸುವ ಹೆಸರಾಂತ ಸಂಸ್ಥೆಗಳು ವೀಕ್ಷಕರಿಂದ ಹೀಗೆ ದುಡ್ಡು ತೆಗೆದುಕೊಳ್ಳುವುದಿಲ್ಲ. ದುಡ್ಡು ಆ ಕಡೆಯಿಂದ ಈ ಕಡೆಗೆ ಬರುತ್ತದೆ, ಅದೂ ಸಂಬಳ ಅಲ್ಲ. ಟಿಕೆಟ್, ವಸತಿ, ದಿನದ ಖರ್ಚು, ಇಷ್ಟೇ. ಇನ್ನು ಗ್ಯಾರಂಟಿ ಎಂಬ ಮಾತನ್ನು ಅವರ ಬಾಯಲ್ಲಿ ನೀನು ಕೇಳುವುದಿಲ್ಲ.

ಇನ್ನೊಂದು. ಬೆಳಗಾವಿಗೆ ಬಂದವರು ವೀಕ್ಷಕರಲ್ಲ, ಅತಿಥಿಗಳು. ನಮ್ಮ ಚುನಾವಣಾ ಆಯೋಗ ಬೇರೆ ದೇಶದ ಆಯೋಗಗಳವರನ್ನು ಕರೆಸಿ ತೋರಿಸುತ್ತದೆ. 2024ರಲ್ಲಿ 23 ದೇಶಗಳಿಂದ 75 ಜನ ಬಂದು, ಗುಂಪು ಗುಂಪಾಗಿ ಆರು ರಾಜ್ಯಗಳಿಗೆ ಹೋದರು. ಅದರಲ್ಲಿ ಕರ್ನಾಟಕವೂ ಒಂದು. ನೋಡಿದರು, ಊಟ ಮಾಡಿದರು, ಹೊರಟರು. ವೀಕ್ಷಕರದು ಬೇರೆ ಕೆಲಸ. ಆ ದೇಶವೇ ಕರೆದಿರಬೇಕು, ಹೋದವರು ಕೊನೆಗೆ ‘ಇದು ಸರಿ, ಇದು ಸರಿಯಿಲ್ಲ’ ಎಂದು ವರದಿ ಬರೆದು ಎಲ್ಲರ ಮುಂದೆ ಇಡಬೇಕು. ಈ ಕೆಲಸ ಹೇಗೆ ನಡೆಯಬೇಕು ಎಂಬ ತತ್ವಗಳ ಘೋಷಣೆಯೊಂದನ್ನು 2005ರ ಅಕ್ಟೋಬರ್ 27ರಂದು ವಿಶ್ವಸಂಸ್ಥೆಯಲ್ಲಿ ಹೊರತಂದರು. ಜೊತೆಗೆ ವೀಕ್ಷಕರ ನಡತೆಯ ನಿಯಮಗಳೂ ಇವೆ. ಅದಕ್ಕೆ ಸಹಿ ಹಾಕದೆ ಕೊರಳಿಗೆ ಕಾರ್ಡು ಬರುವುದಿಲ್ಲ.

ಈಗ ಆಯ್ಕೆ. ಪರೀಕ್ಷೆ ಬರೆದು ರ‍್ಯಾಂಕ್ ತೆಗೆಯುವ ದಾರಿ ಇದಲ್ಲ. ಮೊದಲು ನೋಡುವುದು ಪಾಸ್‌ಪೋರ್ಟು.

ಯುರೋಪ್ ಒಕ್ಕೂಟದ ತಂಡ ಅಂದುಕೊ. ಮುಖ್ಯಸ್ಥರು ಸಾಮಾನ್ಯವಾಗಿ ಯುರೋಪಿನ ಸಂಸತ್ ಸದಸ್ಯರು. ಅವರ ಕೆಳಗೆ ಕಾನೂನು, ಮಾಧ್ಯಮ, ಭದ್ರತೆ ಬಲ್ಲ ಕೆಲವು ತಜ್ಞರು ರಾಜಧಾನಿಯಲ್ಲಿ ಕೂರುತ್ತಾರೆ. ಆಮೇಲೆ ದೀರ್ಘಾವಧಿ ವೀಕ್ಷಕರು. ಒಂದೂವರೆ ಎರಡು ತಿಂಗಳು ಜಿಲ್ಲೆಗಳಲ್ಲೇ ಬಿಡಾರ. ಕೊನೆಗೆ ಅಲ್ಪಾವಧಿಯವರು, ಮತದಾನದ ಹಿಂದೆಮುಂದೆ ಒಂದು ವಾರ, ಹತ್ತು ದಿನ. ಹೊಸಬರು ಒಳಗೆ ಬರುವುದು ಈ ಕೊನೆಯ ಬಾಗಿಲಿನಿಂದ. ಹೆಸರು ಸೂಚಿಸುವುದು ಆಯಾ ದೇಶದ ಸರ್ಕಾರ, ಆರಿಸುವುದು ಬ್ರಸೆಲ್ಸ್‌ನಲ್ಲಿರುವ ಒಕ್ಕೂಟದ ಕಚೇರಿ. ವಾರ್ಸಾದಲ್ಲಿರುವ ಒಡಿಹರ್ ಎಂಬ ಕಚೇರಿಯದೂ ಹೆಚ್ಚುಕಡಿಮೆ ಇದೇ ಕತೆ. ಅದು ಒಎಸ್‌ಸಿಇ ಎಂಬ, ಯುರೋಪ್, ಮಧ್ಯ ಏಷ್ಯಾ, ಉತ್ತರ ಅಮೆರಿಕದ 57 ದೇಶಗಳ ಕೂಟದ್ದು. ‘ನಮಗೆ ಇಷ್ಟು ಜನ ಬೇಕು’ ಎಂದು ಅದು ಕೇಳುತ್ತದೆ, ದೇಶಗಳು ತಮ್ಮ ಖರ್ಚಿನಲ್ಲಿ ತಮ್ಮ ಜನರನ್ನು ಕಳಿಸುತ್ತವೆ. ಆ 57ರಲ್ಲಿ ಭಾರತ ಇಲ್ಲ. ಅಲ್ಪಾವಧಿ ವೀಕ್ಷಕರಿಗೆ ಒಡಿಹರ್ ಮಾಡಿರುವ ಪಾಠ ಮಾತ್ರ ಆನ್‌ಲೈನ್‌ನಲ್ಲಿ ಪುಕ್ಕಟೆ ಇದೆ. ನಿವೃತ್ತಿ ಆದ ಮೇಲೆ ಹೊತ್ತು ಹೋಗದೆ ನಾನೂ ಓದಿ ಮುಗಿಸಿದೆ. ಪಾಠಕ್ಕೆ ಪಾಸ್‌ಪೋರ್ಟ್ ಕೇಳಲ್ಲ, ಕೆಲಸಕ್ಕೆ ಕೇಳುತ್ತಾರೆ.

ಕಾಮನ್‌ವೆಲ್ತ್ ತಂಡದಲ್ಲಿ ಭಾರತದವರು ಇರುತ್ತಾರೆ. ಆದರೆ ಅದು ಅರ್ಜಿ ಹಾಕುವ ಜಾಗ ಅಲ್ಲ, ಮಹಾ ಕಾರ್ಯದರ್ಶಿಯೇ ಹೆಸರು ಹಿಡಿದು ಕರೆಯುತ್ತಾರೆ. 1980ರಲ್ಲಿ ಜಿಂಬಾಬ್ವೆ ಹುಟ್ಟಿದ ಚುನಾವಣೆಗೆ ಹೋದ ಕಾಮನ್‌ವೆಲ್ತ್ ತಂಡದ ಮುಖ್ಯಸ್ಥರು ನಮ್ಮ ರಾಜತಾಂತ್ರಿಕ ರಾಜೇಶ್ವರ ದಯಾಳ್. ಅದಕ್ಕೂ ಹಿಂದೆ, 1953ರಲ್ಲಿ, ಸುಡಾನಿನ ಮೊದಲ ಚುನಾವಣೆ ನಡೆಸಿಕೊಟ್ಟವರು ಸುಕುಮಾರ್ ಸೇನ್, ನಮ್ಮ ಮೊದಲ ಮುಖ್ಯ ಚುನಾವಣಾ ಆಯುಕ್ತರು. ಇದನ್ನು ತರಗತಿಯಲ್ಲಿ ಹೇಳಿದರೆ ಹುಡುಗರು ಆಕಳಿಸುತ್ತಿದ್ದರು, ಇಲ್ಲಾದರೂ ಓದಿ.

ನಿನ್ನಂಥವಳಿಗೆ ಉಳಿಯುವುದು ಮುಖ್ಯವಾಗಿ ಆನ್‌ಫ್ರೆಲ್. 1997ರಲ್ಲಿ ಶುರುವಾದ ಏಷ್ಯಾದ ಜಾಲ, ಬ್ಯಾಂಕಾಕಿನಲ್ಲಿದೆ. ಏಷ್ಯಾದ ದೇಶಗಳಲ್ಲಿ ಚುನಾವಣೆ ಕೆಲಸ ಮಾಡುವ ಸಂಘಸಂಸ್ಥೆಗಳ ಜನರನ್ನೇ ಅದು ಹೆಚ್ಚಾಗಿ ತೆಗೆದುಕೊಳ್ಳುತ್ತದೆ. ಅಟ್ಲಾಂಟಾದ ಕಾರ್ಟರ್ ಸೆಂಟರ್ ತಂಡಗಳಲ್ಲೂ ಬೇರೆ ಬೇರೆ ದೇಶದವರು ಇರುತ್ತಾರೆ. ಎರಡರ ವೆಬ್‌ಸೈಟನ್ನೂ ಆಗಾಗ ನೋಡುತ್ತಿರು.

ಖಡಕ್ ರೊಟ್ಟಿ · ರಾತ್ರಿ 10:41

ಮೇಷ್ಟ್ರೇ, ನನ್ನದೊಂದು ತಕರಾರು. ಈ ಬಿಳಿ ಚರ್ಮದವರು ಬಡ ದೇಶಕ್ಕೆ ಬಂದು ಮಾರ್ಕ್ಸ್ ಕೊಡುವುದು ಯಾವ ನ್ಯಾಯ ರೀ? ನಮ್ಮ ಬೆಳಗಾವಿಗೆ 1996ರಲ್ಲಿ ಬಂದಿದ್ದರೆ ಮೂರ್ಛೆ ಹೋಗುತ್ತಿದ್ದರು. ಒಂದೇ ಲೋಕಸಭೆ ಸೀಟಿಗೆ 456 ಜನ ನಿಂತಿದ್ದರು!

ನವನಗರ ಮೇಷ್ಟ್ರು · ರಾತ್ರಿ 10:58

456 ಸರಿ. ಅದೇ ವರ್ಷ ನಲ್ಗೊಂಡದಲ್ಲಿ 480. ಅದನ್ನು ಸರಿಮಾಡಲು ಯಾವ ವಿದೇಶಿಯೂ ಬರಲಿಲ್ಲ, ನಾವೇ ಠೇವಣಿಯನ್ನು 500ರಿಂದ 10,000ಕ್ಕೆ ಏರಿಸಿದೆವು.

ಮಾರ್ಕ್ಸ್ ವಿಷಯ. ಒಡಿಹರ್ 2002ರಿಂದ ಅಮೆರಿಕದ ಚುನಾವಣೆಯನ್ನೂ ನೋಡುತ್ತಿದೆ. ಆದರೂ ನಿನ್ನ ತಕರಾರು ಪೂರ್ತಿ ಸುಳ್ಳಲ್ಲ. ಯಾರ ಹತ್ತಿರ ದುಡ್ಡಿದೆಯೋ ಅವರ ಜನ ಜಾಸ್ತಿ ಹೋಗುತ್ತಾರೆ. ಬರೀ ದುಡ್ಡಿದ್ದವರೇ ನೋಡಬಾರದು ಎನ್ನುವುದಾದರೆ ಈ ಹುಡುಗಿಯಂಥವರು ಹೋಗಬೇಕು, ಅಲ್ವಾ?

ಖಡಕ್ ರೊಟ್ಟಿ · ರಾತ್ರಿ 11:02

ಮಾತಿನಲ್ಲಿ ನಿಮ್ಮನ್ನು ಗೆಲ್ಲೋಕಾಗಲ್ಲ. ಮಲಗುತ್ತೇನೆ.

ಶಹಾಪುರದ ಅಕ್ಕ (ಬೆಳಗಾವಿ) · ಸೋಮವಾರ ಬೆಳಗ್ಗೆ 6:30

ರಾತ್ರಿಯೇ ಓದಿದೆ. ಫೋನಿನಲ್ಲಿ ಇಷ್ಟುದ್ದ ಟೈಪ್ ಮಾಡಲು ಕಣ್ಣು ಬೇಕಲ್ಲ, ಅದಕ್ಕೆ ಈಗ ಕೂತಿದ್ದೇನೆ.

ನಾನು ಹೋಗಿಬಂದಿದ್ದೇನೆ. ಶ್ರೀಲಂಕಾದ ಅಧ್ಯಕ್ಷರ ಚುನಾವಣೆ, 2024ರ ಸೆಪ್ಟೆಂಬರ್ 21. ಏಷ್ಯಾದವರ ತಂಡದಲ್ಲಿ ಅಲ್ಪಾವಧಿ ವೀಕ್ಷಕಿ. ಆದರೆ ಅದಕ್ಕೂ ಮೊದಲು ಒಂದು ಸಲ ನನ್ನನ್ನು ಬಿಟ್ಟಿದ್ದರು. ಆ ಕತೆಯೇ ನಿನಗೆ ಜಾಸ್ತಿ ಉಪಯೋಗ.

ಮೊದಲ ಸಲ ಅರ್ಜಿ ಹಾಕಿದಾಗ ನನಗೆ ಭಾರೀ ಜಂಬ. ಹದಿನೈದು ವರ್ಷ ಮಹಿಳಾ ಸಂಘದ ಕೆಲಸ, ಮತದಾರರ ಜಾಗೃತಿ ಜಾಥಾ, ಇಂಗ್ಲಿಷೂ ಪರವಾಗಿಲ್ಲ. ವಿಡಿಯೊ ಕಾಲ್‌ನಲ್ಲಿ ಸಂದರ್ಶನ. ಒಂದು ಪ್ರಶ್ನೆ ಕೇಳಿದರು. ‘ಮತಗಟ್ಟೆಯ ಅಧಿಕಾರಿ ಪರದೆಯ ಒಳಗೆ ಹೋಗಿ ಮತದಾರರ ಕೈ ಹಿಡಿದು ಗುರುತು ಹಾಕಿಸುತ್ತಿದ್ದಾರೆ. ನೀವು ಏನು ಮಾಡುತ್ತೀರಿ?’ ನಾನು ಒಂದು ಕ್ಷಣವೂ ಯೋಚಿಸಲಿಲ್ಲ. ‘ಅಲ್ಲೇ ತಡೆಯುತ್ತೇನೆ, ಬಿಡುವ ಮಾತೇ ಇಲ್ಲ’ ಎಂದೆ. ಸಂದರ್ಶನ ಮಾಡುತ್ತಿದ್ದವರು ನಕ್ಕರು, ಏನೋ ಬರೆದುಕೊಂಡರು. ನಾನು ಗೆದ್ದೆ ಎಂದೇ ತಿಳಿದಿದ್ದೆ. ಎರಡು ವಾರಕ್ಕೆ ಮೇಲ್ ಬಂತು, ‘ಈ ಸಲ ಸಾಧ್ಯವಾಗುತ್ತಿಲ್ಲ.’

ಬಹಳ ಸಿಟ್ಟು ಬಂತು. ನಡತೆಯ ನಿಯಮಗಳನ್ನು ನಿಧಾನವಾಗಿ ಓದಿದ ಮೇಲೆ ತಿಳಿಯಿತು. ವೀಕ್ಷಕರು ತಡೆಯುವಂತಿಲ್ಲ, ಹೇಳಿಕೊಡುವಂತಿಲ್ಲ, ಆಜ್ಞೆ ಮಾಡುವಂತಿಲ್ಲ. ನೋಡಬೇಕು, ಪ್ರಶ್ನೆ ಕೇಳಬಹುದು, ಬರೆಯಬೇಕು, ತಂಡಕ್ಕೆ ತಿಳಿಸಬೇಕು. ಟಿ.ವಿ.ಯವರು ಮೈಕ್ ಹಿಡಿದರೆ ಬಾಯಿ ಮುಚ್ಚಿಕೊಳ್ಳಬೇಕು, ಮಾತನಾಡುವುದು ತಂಡದ ಮುಖ್ಯಸ್ಥರ ಕೆಲಸ. ಹೋರಾಟದ ಗುಣ ನೋಡಿ ತೆಗೆದುಕೊಳ್ಳುತ್ತಾರೆ ಎಂದು ನಾನು ಅಂದುಕೊಂಡಿದ್ದೆ. ಅವರು ಹುಡುಕುವುದು ಸುಮ್ನೆ ನಿಂತು ನೋಡಬಲ್ಲವರನ್ನು.

ಎರಡನೇ ಸಲ ಆ ಪ್ರಶ್ನೆ ಕೇಳಲೇ ಇಲ್ಲ ನೋಡು! ‘ಐದು ದಿನ ಸರಿಯಾಗಿ ನಿದ್ದೆ ಇಲ್ಲದಿದ್ದರೆ, ಜೊತೆಯವರ ಜೊತೆ ಹೊಂದಾಣಿಕೆ ಆಗದಿದ್ದರೆ ಏನು ಮಾಡುತ್ತೀರಿ’ ಎಂದರು. ಮೂವತ್ತು ವರ್ಷ ಕೂಡು ಕುಟುಂಬದಲ್ಲಿ ಇದ್ದೇನೆ ಸರ್ ಎಂದೆ. ತೆಗೆದುಕೊಂಡರು.

ಕಳಿಸುವುದು ಜೋಡಿಯಾಗಿ, ಇಬ್ಬರದೂ ಬೇರೆ ಬೇರೆ ದೇಶ. ನನ್ನ ಜೊತೆಗಾತಿ ಫಿಲಿಪ್ಪೀನ್ಸಿನವಳು, ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು, ಅನುಭವದಲ್ಲಿ ದೊಡ್ಡವಳು. ಕೊಲಂಬೊದಲ್ಲಿ ಕೂರಿಸಿ ಕಾನೂನು, ಭದ್ರತೆ, ಫಾರ್ಮ್ ತುಂಬುವುದು ಎಲ್ಲ ಹೇಳಿಕೊಟ್ಟರು. ಒಂದು ಫಾರ್ಮ್ ಮತಗಟ್ಟೆ ತೆರೆಯುವಾಗ, ಒಂದು ಮತದಾನಕ್ಕೆ, ಒಂದು ಮುಚ್ಚುವಾಗ. ಫಾರ್ಮಿನಲ್ಲಿ ‘ನಿಮ್ಮ ಅಭಿಪ್ರಾಯ’ ಎನ್ನುವ ಜಾಗ ಬೆರಳಷ್ಟು, ಉಳಿದದ್ದೆಲ್ಲ ಹೌದು, ಇಲ್ಲ, ಎಷ್ಟು.

ಅಲ್ಲಿ ಮತದಾನ ಬೆಳಗ್ಗೆ 7ಕ್ಕೆ ಶುರು, ಸಂಜೆ 4ಕ್ಕೆ ಬಂದ್. ಕಣದಲ್ಲಿ 38 ಜನ, ಮತಪತ್ರದಲ್ಲಿ 39 ಹೆಸರು, ಒಬ್ಬರು ನಡುವೆ ತೀರಿಕೊಂಡಿದ್ದರು. ಎರಡು ಅಡಿಗೂ ಉದ್ದದ ಹಾಳೆ. ಬೇಕಿದ್ದರೆ ಎರಡನೇ, ಮೂರನೇ ಆಯ್ಕೆಯನ್ನೂ ಗುರುತು ಮಾಡಬಹುದು. ಒಂದು ಹಳ್ಳಿ ಶಾಲೆಯಲ್ಲಿ ಒಬ್ಬ ಅಜ್ಜ ಆ ಹಾಳೆ ಹಿಡಿದುಕೊಂಡು ಒದ್ದಾಡುತ್ತಿದ್ದರು. ಮಡಿಚುತ್ತಾರೆ, ಬಿಚ್ಚುತ್ತಾರೆ, ಮತ್ತೆ ಮಡಿಚುತ್ತಾರೆ. ಪೆಟ್ಟಿಗೆಯ ಬಾಯಿಗೆ ತೂರುತ್ತಿಲ್ಲ. ಯಾರಿಗೆ ಹಾಕಿದ್ದಾರೆ ಎಂದು ಕಾಣುವ ಹಾಗೆ ಹಾಳೆ ಅರ್ಧ ತೆರೆದುಕೊಂಡಿದೆ. ನನ್ನ ಕೈ ತಾನಾಗಿಯೇ ಮುಂದೆ ಹೋಯಿತು. ಮನೆಯಲ್ಲಿ ಮಾವನವರ ಪಂಚೆ ಮಡಿಚಿ ಮಡಿಚಿ ಅಭ್ಯಾಸ ಅಲ್ವಾ. ಜೊತೆಗಾತಿ ನನ್ನ ಮೊಣಕೈ ಮುಟ್ಟಿದಳು, ಅಷ್ಟೇ. ಕೈ ಹಿಂದೆ ಕಟ್ಟಿಕೊಂಡು ನಿಂತೆ. ಅಲ್ಲಿನ ಸಿಬ್ಬಂದಿ ಬಂದು ಮುಖ ಆ ಕಡೆ ತಿರುಗಿಸಿಕೊಂಡೇ ಹೇಗೆ ಮಡಿಚಬೇಕೆಂದು ಅಜ್ಜನಿಗೆ ಬಾಯಲ್ಲಿ ಹೇಳಿಕೊಟ್ಟರು. ನಾನು ಗಂಟೆ, ನಿಮಿಷ ಬರೆದುಕೊಂಡೆ.

ಹೋಟೆಲಿಗೆ ಬಂದ ಮೇಲೆ ಮೊದಲ ಸಂದರ್ಶನದ ಆ ನಗು ನೆನಪಾಯಿತು.

ಕ್ಯಾಂಪ್ ಬ್ಯಾಂಕಿನವ (ಬೆಳಗಾವಿ) · ಸೋಮವಾರ ಬೆಳಗ್ಗೆ 8:10

ಅಕ್ಕಾರೆ, ಮೈ ಜುಮ್ ಅಂತು.

ಅದೇ ಕೆಲಸವನ್ನು ನಾವು ಇಲ್ಲೇ ಮಾಡುತ್ತೇವೆ, ಯಾರೂ ಫೋಟೊ ತೆಗೆಯಲ್ಲ ಅಷ್ಟೇ. ನಾನು ಸರ್ಕಾರಿ ಬ್ಯಾಂಕಿನಲ್ಲಿದ್ದೇನೆ. ಚುನಾವಣೆ ಬಂದರೆ ನಮ್ಮಂಥವರನ್ನು ಸೂಕ್ಷ್ಮ ಮತಗಟ್ಟೆಗಳಿಗೆ ಮೈಕ್ರೋ ಅಬ್ಸರ್ವರ್ ಎಂದು ಹಾಕುತ್ತಾರೆ. ಹೊರರಾಜ್ಯದಿಂದ ಬಂದಿರುವ ಐಎಎಸ್ ವೀಕ್ಷಕರಿಗೆ ನಮ್ಮ ವರದಿ ಹೋಗುತ್ತದೆ. ಮೇ 7ರಂದು ಬೆಳಗ್ಗೆ ಐದೂವರೆಗೆ ಅಣಕು ಮತದಾನ. ಏಜೆಂಟರ ಎದುರಿಗೆ ಕನಿಷ್ಠ 50 ಮತ ಹಾಕಿ, ಎಣಿಸಿ, ಯಂತ್ರವನ್ನು ಮತ್ತೆ ಸೊನ್ನೆಗೆ ತಂದು, ವಿವಿಪ್ಯಾಟ್ ಚೀಟಿಗಳನ್ನು ಕಪ್ಪು ಲಕೋಟೆಗೆ ಹಾಕಿ ಸೀಲ್ ಮಾಡಬೇಕು. ಆ ಲಕೋಟೆ ಸೀಲ್ ಆಗುವವರೆಗೆ ನಾನು ಚಹಾ ಕುಡಿಯಲ್ಲ, ಇದು ನನ್ನದೇ ನಿಯಮ.

ನನ್ನ ಪ್ರಶ್ನೆ ಏನೆಂದರೆ, ಈ ಅನುಭವ ವಿದೇಶದ ಅರ್ಜಿಗೆ ಲೆಕ್ಕಕ್ಕೆ ಬರುತ್ತದಾ? ರಿಟೈರ್ ಆಗಲು ಇನ್ನೂ ಆರು ವರ್ಷ ಇದೆ.

ಶಹಾಪುರದ ಅಕ್ಕ · ಸೋಮವಾರ ಬೆಳಗ್ಗೆ 8:35

ಬರುತ್ತದೆ ತಮ್ಮಾ. ಮತಗಟ್ಟೆಯ ಒಳಗೆ ಕೂತು ಬಂದವರು ಎಂದರೆ ತೂಕ ಬೇರೆ. ಆದರೆ ನೀನು ನೌಕರಿಯಲ್ಲಿ ಇದ್ದೀಯಲ್ಲ, ಅಲ್ಲಿ ತೊಡಕಿದೆ. ಟೀಚರಮ್ಮ ಇದ್ದಾರಾ ಇಲ್ಲಿ? ಅವರಿಗೆ ಆದದ್ದು ಅವರೇ ಹೇಳಲಿ.

ಕನ್ನಡ ಶಾಲೆ ಟೀಚರ್ (ಜಮಖಂಡಿ) · ಸೋಮವಾರ ಮಧ್ಯಾಹ್ನ 1:50

ಇದ್ದೇನೆ ಅಕ್ಕಾ. ಊಟದ ಬಿಡುವಿನಲ್ಲಿ ಬರೆಯುತ್ತಿದ್ದೇನೆ.

ನಾನು ನೇಪಾಳಕ್ಕೆ ಒಂದು ತಂಡದ ಜೊತೆ ಹೋಗಬೇಕಿತ್ತು. ಆಯ್ಕೆಯೂ ಆಗಿತ್ತು. ಇಲಾಖೆಯ ಎನ್‌ಒಸಿ ಕೇಳಿದೆ. ಫೈಲು ಒಂದು ಟೇಬಲ್ಲಿನಿಂದ ಇನ್ನೊಂದಕ್ಕೆ ಹೋಯಿತು, ಅಲ್ಲಿ ಸಾಹೇಬರು ರಜೆ, ಇಲ್ಲಿ ಗುಮಾಸ್ತರು ಟ್ರೇನಿಂಗು. ಅಷ್ಟರಲ್ಲಿ ಇನ್ನೊಂದು ಗೊತ್ತಾಯಿತು. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ 2010ರ 6ನೇ ಕಲಂ. ಸರ್ಕಾರಿ ನೌಕರರು ವಿದೇಶದವರ ಖರ್ಚಿನಲ್ಲಿ ಹೋಗಿ ಉಳಿಯುವುದಾದರೆ ಮೊದಲೇ ಕೇಂದ್ರ ಸರ್ಕಾರದ ಒಪ್ಪಿಗೆ ಬೇಕು. ಎಫ್‌ಸಿ-2 ಎಂಬ ಅರ್ಜಿ, ಆನ್‌ಲೈನ್‌ನಲ್ಲೇ ಹಾಕಬೇಕು. ಎನ್‌ಒಸಿ ನನ್ನ ಕೈಗೆ ಬಂದಾಗ ನೇಪಾಳದಲ್ಲಿ ಎಣಿಕೆ ಮುಗಿದು ಗೆದ್ದವರು ಹಾರ ಹಾಕಿಸಿಕೊಳ್ಳುತ್ತಿದ್ದರು. ಆ ಕಾಗದ ಈಗಲೂ ಇದೆ. ಮಕ್ಕಳ ಹಾಜರಿ ಪುಸ್ತಕಕ್ಕೆ ಬೈಂಡು ಹಾಕಿದ್ದೇನೆ, ಒಂದು ಕಡೆ ಖಾಲಿ ಇತ್ತು.

ಬ್ಯಾಂಕಿನ ಸರ್, ಸರ್ಕಾರಿ ಬ್ಯಾಂಕಿನವರಿಗೂ ಅದೇ ಕಲಂ. ಸಂಸ್ಥೆಗಳು ಒಂದು ತಿಂಗಳ ಮುಂಚೆ, ಕೆಲವೊಮ್ಮೆ ಇನ್ನೂ ತಡವಾಗಿ ಹೇಳುತ್ತವೆ. ನಮ್ಮ ಫೈಲು ಒಂದು ತಿಂಗಳಲ್ಲಿ ಎಷ್ಟು ದೂರ ಹೋಗುತ್ತದೆ ಎಂದು ನಿಮಗೆ ನಾನು ಹೇಳಬೇಕಿಲ್ಲ.

ಕ್ಯಾಂಪ್ ಬ್ಯಾಂಕಿನವ · ಸೋಮವಾರ ಮಧ್ಯಾಹ್ನ 2:04

ಆರು ವರ್ಷ ಕಾಯುತ್ತೇನೆ.

ಪಿಸುಮಾತಿನ ಗ್ಯಾಲರಿ (ವಿಜಯಪುರ) · ಸೋಮವಾರ ಸಂಜೆ 7:15

ಗೋಳಗುಮ್ಮಟದಲ್ಲಿ ಪಿಸುಗುಟ್ಟಿದರೂ ಕೇಳಿಸುತ್ತದೆ, ಹಾಗಾಗಿ ಮೆಲ್ಲಗೇ ಹೇಳುತ್ತೇನೆ. ನಾನು ವಿಶ್ವಸಂಸ್ಥೆ ಸ್ವಯಂಸೇವಕರ ಕಾರ್ಯಕ್ರಮದಲ್ಲಿ ಆಫ್ರಿಕಾದ ಒಂದು ದೇಶದಲ್ಲಿ ಎರಡು ವರ್ಷ ಇದ್ದೆ. ಜನ ಇದನ್ನೂ ವೀಕ್ಷಣೆಯನ್ನೂ ಒಂದೇ ಎಂದುಕೊಳ್ಳುತ್ತಾರೆ. ಅಲ್ಲ. ನಾವು ಚುನಾವಣೆ ನಡೆಸುವವರಿಗೆ ಕೈಜೋಡಿಸುತ್ತೇವೆ. ಮತದಾರರ ಪಟ್ಟಿ, ಸಾಮಾನು ಸಾಗಾಟ, ತರಬೇತಿ. ಅಕ್ಕ ಕೈ ಹಿಂದೆ ಕಟ್ಟಿ ನಿಂತರು, ನಾನು ಪೆಟ್ಟಿಗೆ ಹೊತ್ತೆ, ಇಷ್ಟು ವ್ಯತ್ಯಾಸ. ಇನ್ನು ವಿಶ್ವಸಂಸ್ಥೆ ತಾನೇ ವೀಕ್ಷಕರನ್ನು ಕಳಿಸುವುದು ಬಹಳ ಅಪರೂಪ, ಅದಕ್ಕೆ ಭದ್ರತಾ ಮಂಡಳಿಯೋ ಮಹಾಸಭೆಯೋ ಒಪ್ಪಬೇಕು. ಪೋಸ್ಟರಿನಲ್ಲಿ ಆ ನೀಲಿ ಲೋಗೊ ಕಂಡರೆ ಅಲ್ಲೇ ಅನುಮಾನ ಪಡು ತಂಗಿ.

ನಮ್ಮಲ್ಲಿ ಭಾರತದ ಪಾಸ್‌ಪೋರ್ಟಿಗೆ ಅಡ್ಡಿ ಇಲ್ಲ. ಅವರದೇ ವೆಬ್‌ಸೈಟಿನಲ್ಲಿ ಹೆಸರು ನೋಂದಾಯಿಸಬೇಕು, ದುಡ್ಡಿಲ್ಲ. 18ರಿಂದ 26ರವರೆಗೆ ಯುವ ಸ್ವಯಂಸೇವಕರು ಎಂಬ ವಿಭಾಗ ಇದೆ, ನಿನಗೆ ಹೊಂದುತ್ತದೆ. ಅಪಾಯ ಇಲ್ಲವೇ ಇಲ್ಲ ಎಂದು ಮಾತ್ರ ಹೇಳಲಾರೆ. 1993ರ ಕಾಂಬೋಡಿಯಾ ಚುನಾವಣೆಗೆ ಇದೇ ಕಾರ್ಯಕ್ರಮದಿಂದ 400ಕ್ಕೂ ಹೆಚ್ಚು ಜನ ಹೋಗಿದ್ದರು. ಮತದಾನಕ್ಕೆ ಒಂದೂವರೆ ತಿಂಗಳ ಮುಂಚೆ ಜಪಾನಿನ 25 ವರ್ಷದ ಹುಡುಗನನ್ನು ಗುಂಡಿಟ್ಟು ಕೊಂದರು. ನಾನು ಹೊರಟಾಗ ಅವ್ವನಿಗೆ ಇದನ್ನು ಹೇಳಿರಲಿಲ್ಲ. ಈಗ ಭದ್ರತೆಯ ತರಬೇತಿ ಇಲ್ಲದೆ ಕಳಿಸುವುದಿಲ್ಲ.

ಸಂಜೆ ಬಸ್ಸಿನ ಹುಡುಗಿ · ಸೋಮವಾರ ರಾತ್ರಿ 9:20

ಬಸ್ಸಿನಲ್ಲಿ ಎಲ್ಲ ಓದಿದೆ, ನನ್ನ ಸ್ಟಾಪು ದಾಟಿಹೋಯಿತು. ಆ ನಂಬರ್ ಬ್ಲಾಕ್ ಮಾಡಿದ್ದೇನೆ. ಅದಕ್ಕೂ ಮೊದಲು ‘ನಿಮ್ಮ ಸೀಟು ಬೇರೆಯವರಿಗೆ ಹೋಗುತ್ತದೆ’ ಎಂದು ನಾಲ್ಕು ಸಲ ಫೋನ್ ಬಂದಿತ್ತು. ಅಪ್ಪನಿಗೆ ಹೇಳಿದರೆ ‘ಹೋಗಲಿ ಬಿಡು, ಬೋರ್‌ವೆಲ್ ಮೋಟರ್ ರಿಪೇರಿ ಆಯಿತು’ ಎಂದರು.

ನನ್ನ ಬಯೋಡಾಟಾ ಹೀಗಿದೆ, ನೋಡಿ ಹೇಳಿ: ‘ಪ್ರಜಾಪ್ರಭುತ್ವದ ಮೇಲೆ ಅಪಾರ ನಂಬಿಕೆ ಇರುವ, ಅನ್ಯಾಯವನ್ನು ಸಹಿಸದ, ನಾಯಕತ್ವದ ಗುಣವುಳ್ಳ ಯುವತಿ. ಕನ್ನಡ, ಮರಾಠಿ, ಹಿಂದಿ, ಇಂಗ್ಲಿಷ್ ಬಲ್ಲೆ. 2024ರಲ್ಲಿ ಮತಗಟ್ಟೆ ಸ್ವಯಂಸೇವಕಿ.’ ಇನ್ನೊಂದು ಭಯ. ಕಾಲೇಜಿನಲ್ಲಿದ್ದಾಗ ಒಂದು ಪಕ್ಷದ ರ‍್ಯಾಲಿಗೆ ಗೆಳತಿಯರ ಜೊತೆ ಹೋಗಿದ್ದೆ. ಇನ್‌ಸ್ಟಾಗ್ರಾಂನಲ್ಲಿ ಬಾವುಟ ಹಿಡಿದ ಫೋಟೊ ಇದೆ. ಡಿಲೀಟ್ ಮಾಡಲಾ?

ನವನಗರ ಮೇಷ್ಟ್ರು · ರಾತ್ರಿ 9:44

ಮುಚ್ಚಿಡಬೇಡ, ಕೇಳಿದರೆ ಇದ್ದದ್ದು ಇದ್ದ ಹಾಗೆ ಹೇಳು. ನೀನು ಹೋಗುವ ದೇಶದಲ್ಲಿ ಯಾರ ಪರವೂ ಇರಬಾರದು ಎನ್ನುವುದು ನಿಯಮ. ಒಬ್ಬರೂ ತಮ್ಮ ಸ್ವಂತ ದೇಶದ ಚುನಾವಣೆಗೆ ಅಂತಾರಾಷ್ಟ್ರೀಯ ವೀಕ್ಷಕರಾಗಿ ಹೋಗದಿರುವುದು ಅದಕ್ಕೇ. ಆದರೆ ಇನ್ನು ಮೇಲೆ ಅಲ್ಲಿನ ಚುನಾವಣೆ ಬಗ್ಗೆ ಇನ್‌ಸ್ಟಾಗ್ರಾಂನಲ್ಲಿ ಜ್ಞಾನ ಹಂಚಬೇಡ.

ಖಡಕ್ ರೊಟ್ಟಿ · ರಾತ್ರಿ 9:50

ಹೋಗುವಾಗ ಗೋಕಾಕದ ಕರದಂಟು ಒಯ್ಯಬಹುದಾ? ಆಪ್ತ ಸಲಹೆ ಅಷ್ಟೇ.

ಶಹಾಪುರದ ಅಕ್ಕ · ರಾತ್ರಿ 9:58

ಜೊತೆಗಾರರಿಗೆ ಕೊಡು. ಮತಗಟ್ಟೆಯಲ್ಲಿ ಡಬ್ಬಿ ತೆಗೆಯಬೇಡ. ನಾನು ಕುಂದಾ ಒಯ್ದಿದ್ದೆ, ಫಿಲಿಪ್ಪೀನ್ಸಿನವಳು ಡಬ್ಬಿಯನ್ನೇ ಇಟ್ಟುಕೊಂಡಳು.

ಬಯೋಡಾಟಾದಲ್ಲಿ ‘ಅನ್ಯಾಯವನ್ನು ಸಹಿಸದ’ ತೆಗಿ, ನನ್ನ ಕತೆ ಓದಿದೆಯಲ್ಲ. ‘ಅಪಾರ ನಂಬಿಕೆ’ಯೂ ಬೇಡ. ಭಾಷೆಗಳು ಇರಲಿ. ಸ್ವಯಂಸೇವಕಿ ಅಂತ ಬರೆದಿದ್ದೀಯಲ್ಲ, ಅವತ್ತು ನಿಜವಾಗಿ ಏನು ಮಾಡಿದೆ?

ಸಂಜೆ ಬಸ್ಸಿನ ಹುಡುಗಿ · ರಾತ್ರಿ 10:06

ಹೇಳಿದೆನಲ್ಲ ಅಕ್ಕಾ, ವೀಲ್‌ಚೇರ್ ಅಷ್ಟೇ. ಬೆಳಗ್ಗೆ 7ರಿಂದ ಸಂಜೆ 6. ಒಟ್ಟು 41 ಜನ. ಮಧ್ಯಾಹ್ನ 2ರಿಂದ 3ರವರೆಗೆ ಒಬ್ಬರೂ ಬರಲಿಲ್ಲ, ಬಿಸಿಲು. ಇಳಿಜಾರಿನ ಹಲಗೆ ಒಂದು ಕಡೆ ಅಲುಗಾಡುತ್ತಿತ್ತು, ಅದಕ್ಕೆ ಮೂರು ಜನರನ್ನು ಎತ್ತಿಕೊಂಡೇ ಹೋದೆವು.

ಶಹಾಪುರದ ಅಕ್ಕ · ರಾತ್ರಿ 10:09

41 ಅಂತ ಈಗ ಅಂದಾಜಿಗೆ ಹೇಳಿದೆಯಾ?

ಸಂಜೆ ಬಸ್ಸಿನ ಹುಡುಗಿ · ರಾತ್ರಿ 10:11

ಇಲ್ಲ ಅಕ್ಕಾ. ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಗೀಟು ಹಾಕಿಕೊಂಡಿದ್ದೆ, ಟೈಮ್ ಸಮೇತ. ಯಾರೂ ಹೇಳಿರಲಿಲ್ಲ, ಸುಮ್ನೆ.

ಶಹಾಪುರದ ಅಕ್ಕ · ರಾತ್ರಿ 10:12

ಅದನ್ನು ಮೊದಲ ಸಾಲಿಗೆ ತಾ. ಹಲಗೆಯ ವಿಷಯವನ್ನೂ ಬರಿ.